ಕಾಣಲಿಲ್ರೀ ಸಾಹೇಬ್ರ

ಗೋಕುಲ ರೋಡಿನ ಯಾವುದಾದರೂ ಕಾರ್ ಶೋರೂಮಿಗೆ ಹೋಗಿ ಅರ್ಧ ತಾಸು ಸುಮ್ಮನೆ ಕೂತುಬಿಡಿ. ನಮ್ಮ ವಯಸ್ಸಿನವರು ಬಂದು ಏನೇನು ಕೇಳ್ತಾರೆ ಅಂತ ಗೊತ್ತಾಗುತ್ತೆ. ಮಿರರ್ ತಾನೇ ಮಡಚಿಕೊಳ್ಳತೈತೇನ್ರೀ? 360 ಡಿಗ್ರಿ ಕ್ಯಾಮೆರಾ ಯಾವ ಮಾಡೆಲ್‌ನಿಂದ ಶುರು? ಬ್ಲೈಂಡ್ ಸ್ಪಾಟ್ ವಾರ್ನಿಂಗ್ ಐತೋ ಇಲ್ಲೋ? ನಾಲ್ಕು ಮೀಟರ್ ಉದ್ದದ, ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುವ ಗಾಡಿಯ ಹಿಂದೆ ಏನಿದೆ ಅಂತ ನೋಡೋದಕ್ಕೆ ನಾವು ಲಕ್ಷ ರೂಪಾಯಿ ಹೆಚ್ಚು ಕೊಡಲೂ ತಯಾರು. ಅದರಲ್ಲಿ ತಪ್ಪೇನಿಲ್ಲ.

ಈಗ ಅದೇ ಕಾರು ತಗೊಂಡು ಡಿಸೆಂಬರಿನ ಒಂದು ಸಂಜೆ ಧಾರವಾಡದಿಂದ ಹಳಿಯಾಳದ ಕಡೆ ಹೊರಡಿ. ಇಲ್ಲಾ ಹುಬ್ಬಳ್ಳಿಯಿಂದ ಕಲಘಟಗಿ ರೋಡ್ ಹಿಡಿಯಿರಿ. ಕಬ್ಬಿನ ಹಂಗಾಮು ಜೋರಾಗಿರುತ್ತೆ. ನಿಮ್ಮ ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಒಂದಲ್ಲ, ಎರಡು ಟ್ರೇಲರ್. ಎರಡರಲ್ಲೂ ಸೇರಿ ಹದಿನೈದು-ಇಪ್ಪತ್ತು ಟನ್ ಕಬ್ಬು. ಇಡೀ ಗಾಡಿ ಒಂದು ಚಿಗರಿ ಬಸ್ಸಿಗಿಂತ ಉದ್ದ. ಅದನ್ನ ಓಡಿಸುವವನಿಗೆ ಹಿಂದೆ ನೋಡಲು ಎಷ್ಟು ಕನ್ನಡಿ ಇವೆ? ಎಣಿಸಿ ನೋಡಿ. ಬಹಳ ಸಲ ಸೊನ್ನೆ. ಇದ್ದರೆ ಒಂದು. ಅದೂ ಅವನ ಮುಖ ಅವನಿಗೇ ಕಾಣುವ ಹಾಗೆ ತಿರುಗಿರುತ್ತೆ, ಕ್ರಾಪ್ ಸರಿ ಮಾಡಿಕೊಳ್ಳೋದಕ್ಕೆ.

ನನ್ನ ವಾದ ಇಷ್ಟೇ. ಟ್ರೇಲರ್ ಎಳೆಯುವ ಪ್ರತಿ ಟ್ರ್ಯಾಕ್ಟರಿಗೂ ಎರಡು ಕನ್ನಡಿ ಬೇಕು. ಅವು ಟ್ರ್ಯಾಕ್ಟರಿನ ಅಳತೆಗೆ ಇದ್ದರೆ ಸಾಲದು, ಹಿಂದಿನ ಹೇರಿನ ಅಗಲಕ್ಕೆ ತಕ್ಕಂತೆ ಹೊರಗೆ ಚಾಚಿರಬೇಕು. ಇದು ಡ್ರೈವರನ ಮರ್ಜಿಗೆ ಬಿಡುವ ವಿಷಯ ಅಲ್ಲ. ಗಾಡಿ ಮಾರುವವರು, ಕಬ್ಬು ತರಿಸಿಕೊಳ್ಳುವವರು, ಪಾಸ್ ಮಾಡುವವರು, ಇವರೆಲ್ಲ ಸೇರಿ ಮಾಡಿಸಬೇಕಾದ ಕೆಲಸ. ಇದುವರೆಗೆ ಯಾರೂ ತಲೆ ಕೆಡಿಸಿಕೊಳ್ಳದೇ ಇರೋದಕ್ಕೆ ಕಾರಣ ದುಡ್ಡಲ್ಲ, ತಂತ್ರಜ್ಞಾನವೂ ಅಲ್ಲ. ಆ ಸೀಟಿನ ಮೇಲೆ ಕೂತವನಿಗೂ ಕಣ್ಣಿವೆ, ಅವನಿಗೂ ಹಿಂದೆ ಕಾಣಬೇಕು ಅನ್ನೋದು ನಮಗೆ ಹೊಳೆದೇ ಇಲ್ಲ.

ನಮ್ಮೂರು ಕಲಘಟಗಿ ತಾಲ್ಲೂಕಿನಲ್ಲಿದೆ. ಕೆಲವು ವರ್ಷಗಳ ಹಿಂದೆ, ಇದೇ ಹಂಗಾಮಿನಲ್ಲಿ, ನಮ್ಮ ಓಣಿಯ ಹುಡುಗನೊಬ್ಬ ಬೈಕಿನ ಮೇಲೆ ಊರಿಗೆ ಬರ್ತಿದ್ದ. ಪಿಯುಸಿ ಎರಡನೇ ವರ್ಷ ಓದ್ತಿದ್ದ. ಮುಂದೆ ಎರಡು ಟ್ರೇಲರಿನ ಕಬ್ಬಿನ ಗಾಡಿ. ಹಾರ್ನ್ ಹೊಡೆದ, ಬಲಕ್ಕೆ ಬಂದ, ದಾಟಲು ಶುರು ಮಾಡಿದ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಲಗಡೆಯ ಡೀಸೆಲ್ ಬಂಕಿನ ಕಡೆ ತಿರುಗಿತು. ಹುಡುಗ ಹಿಂದಿನ ಟ್ರೇಲರಿನ ಗಾಲಿಗೆ ಸಿಕ್ಕ. ಆಸ್ಪತ್ರೆ ಮುಟ್ಟಲಿಲ್ಲ.

ಜನ ಸೇರಿ ಡ್ರೈವರನಿಗೆ ಹೊಡೆದರು. ಅವನೂ ಇಪ್ಪತ್ತೈದು ದಾಟದ ಹುಡುಗನೇ. ಪೊಲೀಸರ ಮುಂದೆ ಅವನು ತಿರುಗಿಸಿ ತಿರುಗಿಸಿ ಹೇಳಿದ್ದು ಒಂದೇ ಮಾತು: "ಕಾಣಲಿಲ್ರೀ ಸಾಹೇಬ್ರ." ಎಲ್ಲರೂ ಅದನ್ನ ನೆವ ಅಂದುಕೊಂಡರು. ಆ ಗಾಡಿಯ ಬಲ ಮಡ್‌ಗಾರ್ಡಿನ ಮೇಲೆ ಒಂದು ಕನ್ನಡಿ ಇತ್ತಲ್ಲ, ನೋಡಿದ್ರ ಕಾಣತಿತ್ತು, ನೋಡಿಲ್ಲ ಸೂಳೇಮಗ, ಅಂತ ಜನ ಅಂದರು. ಕೇಸು ಡ್ರೈವರನ ಮೇಲೆ ಆಯ್ತು. ಬೇರೆ ಯಾರ ಮೇಲೂ ಆಗಲಿಲ್ಲ.

ನಾನು ಲೆಕ್ಕ ಹಾಕಿ ನೋಡಿದೆ. ಅವನು ಹೇಳಿದ್ದು ನಿಜ.

ನೀವೂ ಒಂದು ಹಾಳೆ ತಗೊಂಡು ಹಾಕಿ, ಎಸ್‌ಎಸ್‌ಎಲ್‌ಸಿ ಗಣಿತ ಸಾಕು. ಟ್ರ್ಯಾಕ್ಟರಿನ ಅಗಲ ಸುಮಾರು 1.8 ಮೀಟರ್. ಅಂದ್ರೆ ಮಡ್‌ಗಾರ್ಡಿನ ಅಂಚಿಗೆ ಕೂರಿಸಿದ ಕನ್ನಡಿ ಗಾಡಿಯ ನಡು ಗೆರೆಯಿಂದ 0.9 ಮೀಟರ್ ಹೊರಗೆ. ಹೇರಿದ ಕಬ್ಬಿನ ಅಗಲ 2.6 ಮೀಟರ್ ಅಂತ ಇಟ್ಟುಕೊಳ್ಳೋಣ. ರಸ್ತೆ ಮೇಲಿನ ವಾಹನದ ಅಗಲಕ್ಕೆ ನಮ್ಮ ನಿಯಮ ಹಾಕಿದ ಮಿತಿಯೂ ಅದೇ. ಕಬ್ಬಿನ ತುದಿಗಳು ಎರಡೂ ಕಡೆ ಎಷ್ಟು ಚಾಚಿರುತ್ತವೆ ಅಂತ ನೋಡಿದವರಿಗೆ ಇದು ಉದಾರವಾದ ಲೆಕ್ಕ ಅಂತ ಗೊತ್ತು. ಇರಲಿ. ಹೇರಿನ ಅಂಚು ನಡು ಗೆರೆಯಿಂದ 1.3 ಮೀಟರ್. ಕನ್ನಡಿಯಿಂದ ಹೇರಿನ ಮುಂದಿನ ಮೂಲೆಗೆ ಎರಡು ಮೀಟರ್ ದೂರ. ಹಿಂದಿನ ಟ್ರೇಲರಿನ ಕೊನೆಗೆ ಹನ್ನೆರಡು ಮೀಟರ್.

ಈಗ ಕನ್ನಡಿಯಿಂದ ಆ ಮುಂದಿನ ಮೂಲೆಗೆ ತಾಗಿಸಿ ಒಂದು ಗೆರೆ ಎಳೆಯಿರಿ. ಪ್ರತಿ ಎರಡು ಮೀಟರಿಗೆ ಅದು 0.4 ಮೀಟರ್ ಹೊರಗೆ ಓಡುತ್ತೆ. ಆ ಗೆರೆಯ ಒಳಗಿರೋದು ಯಾವುದೂ ಕನ್ನಡಿಯಲ್ಲಿ ಕಾಣೋದಿಲ್ಲ, ಕಬ್ಬು ಅಡ್ಡ. ಗಾಡಿಯ ಬಾಲಕ್ಕೆ ಬರುವ ಹೊತ್ತಿಗೆ ಹೇರಿನ ಪಕ್ಕದ ಎರಡು ಮೀಟರ್ ರಸ್ತೆ ಕುರುಡು. ಮೂವತ್ತು ಮೀಟರ್ ಹಿಂದೆ ಹೋದರೆ ಗೆರೆ ನಡುವಿನಿಂದ ಸುಮಾರು ಏಳು ಮೀಟರ್ ಆಚೆ ಹೋಗಿರುತ್ತೆ. ಎರಡು ಲೇನಿನ ಒಂದು ಇಡೀ ರಸ್ತೆಯ ಅಗಲವೇ ಏಳು ಮೀಟರ್. ಅಂದ್ರೆ ಆ ದೂರದಲ್ಲಿ ಕನ್ನಡಿ ತೋರಿಸೋದು ಆಚೆ ಕಡೆಯ ಹೊಲ. ಗೋವಿನಜೋಳದ ಬೆಳೆ ಹೆಂಗ ಬಂದೈತಿ ಅಂತ ನೋಡಬಹುದು, ಹಿಂದೆ ಯಾರು ಬಂದರು ಅಂತ ನೋಡೋಕಾಗಲ್ಲ.

ಬೈಕಿನವನು ಹೇರಿನಿಂದ ಒಂದು ಮೀಟರ್ ಅಂತರ ಬಿಟ್ಟು ದಾಟುತ್ತಿದ್ದ ಅಂತ ಇಟ್ಟುಕೊಳ್ಳಿ. ಅವನು ಆ ಕನ್ನಡಿಯಲ್ಲಿ ಮೊದಲ ಸಲ ಕಾಣೋದು ಕನ್ನಡಿಯಿಂದ ಏಳು ಮೀಟರ್ ಹಿಂದೆ ಇದ್ದಾಗ. ಅಂದ್ರೆ ಹಿಂದಿನ ಟ್ರೇಲರಿನ ಅರ್ಧಕ್ಕೂ ಹೆಚ್ಚು ಭಾಗ ದಾಟಿ, ಎರಡು ಟ್ರೇಲರುಗಳ ನಡುವಿಗೆ ಬಂದ ಮೇಲೆ. ಅಷ್ಟೊತ್ತಿಗೆ ಸ್ಟೀರಿಂಗ್ ತಿರುಗಿದ್ದರೆ ಮುಗೀತು. ಡ್ರೈವರ್ ಕನ್ನಡಿ ನೋಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದ್ದರೂ ಅಲ್ಲಿ ಆ ಹುಡುಗ ಇರ್ತಿರಲಿಲ್ಲ. "ಕಾಣಲಿಲ್ಲ" ಅನ್ನೋದು ನೆವ ಅಲ್ಲ, ಅಳತೆ.

ನಮ್ಮ ಕಸುಬಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳ್ತೇನೆ. ಟ್ರ್ಯಾಕ್ಟರ್ ಕಂಪನಿ ತನ್ನ ಟ್ರ್ಯಾಕ್ಟರನ್ನ ಟೆಸ್ಟ್ ಮಾಡುತ್ತೆ. ಕನ್ನಡಿ ಹೇಗಿರಬೇಕು ಅಂತ ಹೇಳಲು ಎಐಎಸ್-001 ಅಂತ ಒಂದು ಮಾನದಂಡವೇ ನಮ್ಮಲ್ಲಿದೆ. ಬರೀ ಟ್ರ್ಯಾಕ್ಟರ್ ಇದ್ದಾಗ ಮಡ್‌ಗಾರ್ಡಿನ ಕನ್ನಡಿ ಸಾಕು, ಹಿಂದಿನ ರಸ್ತೆ ಪೂರ್ತಿ ಕಾಣುತ್ತೆ. ಟ್ರೇಲರನ್ನ ಇನ್ನೆಲ್ಲೋ ವರ್ಕ್‌ಶಾಪಿನಲ್ಲಿ ಮಾಡ್ತಾರೆ. ಅದಕ್ಕೆ ಗಾಲಿ, ಹುಕ್ಕು, ಹಲಗೆ ಸರಿ ಇವೆಯಾ ಅಂತ ನೋಡ್ತಾರೆ. ಯೂನಿಟ್ ಟೆಸ್ಟ್ ಎರಡೂ ಪಾಸ್. ಆದರೆ ರೋಡಿಗೆ ಇಳಿಯೋದು ಎರಡೂ ಸೇರಿದ ಗಾಡಿ, ಅದೂ ಮೇಲೆ ಕಬ್ಬು ಹೇರಿದ ಗಾಡಿ. ಇಂಟಿಗ್ರೇಶನ್ ಟೆಸ್ಟ್ ಮಾಡಿದವರು ಯಾರು? ಪಿನ್ನು ಹಾಕಿ ಜೋಡಿಸಿದ ಆ ಕ್ಷಣಕ್ಕೆ ಕನ್ನಡಿ ಇದ್ದೂ ಇಲ್ಲದ ಹಾಗಾಯ್ತು ಅನ್ನೋದನ್ನ ನೋಡಬೇಕಾದ ಮನುಷ್ಯ ಈ ವ್ಯವಸ್ಥೆಯಲ್ಲಿ ಎಲ್ಲೂ ಇಲ್ಲ. ನಮ್ಮ ಆಫೀಸಿನಲ್ಲಿ ಹೀಗೆ ಒಂದು ರಿಲೀಸ್ ಹೋಗಿದ್ದರೆ ರಾತ್ರಿ ಹನ್ನೆರಡಕ್ಕೆ ಎಲ್ಲರನ್ನೂ ಕಾಲ್‌ಗೆ ಎಳೀತಿದ್ರು. ಇಲ್ಲಿ ಡ್ರೈವರನನ್ನ ಮಾತ್ರ ಠಾಣೆಗೆ ಎಳೀತಾರೆ.

ಹೊರಗಿನವರು ಏನು ಮಾಡ್ತಾರೆ ನೋಡಿ. ಬ್ರಿಟನ್ನಿನಲ್ಲಿ ರಜೆಗೆ ಕ್ಯಾರವಾನ್ ಎಳೆದುಕೊಂಡು ಹೋಗುವ ಮಂದಿ ಬಹಳ. ಎಳೆಯುವ ಕ್ಯಾರವಾನು ಕಾರಿನ ಹಿಂಭಾಗಕ್ಕಿಂತ ಅಗಲ ಇದ್ದರೆ ಹೊರಚಾಚುವ ಬೇರೆ ಕನ್ನಡಿ ಹಾಕಲೇಬೇಕು. ಇಲ್ಲದಿದ್ದರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸ್ ಮೇಲೆ 3 ಪಾಯಿಂಟ್. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಹೆಚ್ಚು. ಅಮೆರಿಕದಲ್ಲಿ ದೊಡ್ಡ ಪಿಕಪ್ ಕೊಳ್ಳುವಾಗಲೇ ಟ್ರೇಲರ್ ಎಳೆಯೋರಿಗೆ ಅಂತ ಬೇರೆ ಕನ್ನಡಿ ಸಿಗುತ್ತೆ. ಬೇಕಾದಾಗ ಹೊರಗೆ ಎಳೆದುಕೊಳ್ಳಬಹುದು, ಬೇಡವಾದಾಗ ಒಳಗೆ ತಳ್ಳಬಹುದು. ಮೇಲೆ ದೊಡ್ಡದೊಂದು ಚಪ್ಪಟೆ ಗಾಜು, ಕೆಳಗೆ ಚಿಕ್ಕದೊಂದು ಉಬ್ಬು ಗಾಜು. ಅವರು ರಜೆಗೆ ಹಾಸಿಗೆ, ಅಡುಗೆ ಒಲೆ ಎಳೆದುಕೊಂಡು ಹೋಗ್ತಾರೆ. ಅದಕ್ಕೇ ಇಷ್ಟು ಜಾಗ್ರತೆ. ನಾವು ರಾತ್ರಿ ಹೊತ್ತು, ದೀಪ ಇಲ್ಲದ ರಸ್ತೆಯಲ್ಲಿ, ಇಪ್ಪತ್ತು ಟನ್ ಎಳೀತೀವಿ.

ನಮ್ಮಲ್ಲಿ ಏನೂ ಮಾಡಿಲ್ಲ ಅಂತಲ್ಲ. ಹಂಗಾಮು ಶುರುವಾದ ಕೂಡಲೇ ಅಲ್ಲಲ್ಲಿ ಪೊಲೀಸರು ಟ್ರೇಲರುಗಳ ಹಿಂದೆ ಕೆಂಪು ಹೊಳೆಯುವ ಸ್ಟಿಕ್ಕರ್ ಹಚ್ತಾರೆ, ಬಟ್ಟೆ ಕಟ್ತಾರೆ, ಫೋಟೋ ತೆಗೆಸ್ತಾರೆ. ಒಳ್ಳೆಯ ಕೆಲಸ, ಬೇಡ ಅನ್ನಲ್ಲ. ಗಂಟೆಗೆ 90ರಲ್ಲಿ ಹೋಗುವ ಕಾರು ಸೆಕೆಂಡಿಗೆ 25 ಮೀಟರ್ ಓಡುತ್ತೆ. ಗಂಟೆಗೆ 25ರಲ್ಲಿ ಹೋಗುವ ಟ್ರ್ಯಾಕ್ಟರ್ ಸೆಕೆಂಡಿಗೆ ಏಳು ಮೀಟರ್. ಡಿಪ್ ಲೈಟಿನಲ್ಲಿ ಐವತ್ತು ಮೀಟರ್ ಮುಂದೆ ಟ್ರೇಲರ್ ಕಂಡಿತು ಅಂದರೆ ನಿಮ್ಮ ಕೈಯಲ್ಲಿ ಮೂರು ಸೆಕೆಂಡೂ ಇಲ್ಲ. ಸ್ಟಿಕ್ಕರ್ ಇದ್ದರೆ ಇನ್ನಷ್ಟು ದೂರದಿಂದ ಕಾಣುತ್ತೆ, ಜೀವ ಉಳಿಯುತ್ತೆ.

ಆದರೆ ಒಂದು ಗಮನಿಸಿ. ಸ್ಟಿಕ್ಕರ್ ಹಚ್ಚೋದು ಅವನು ನಮಗೆ ಕಾಣಬೇಕು ಅಂತ. ನಾವು ಅವನಿಗೆ ಕಾಣಬೇಕು ಅಂತ ಯಾವ ಅಭಿಯಾನವನ್ನೂ ನಾನು ನೋಡಿಲ್ಲ. ಟ್ರ್ಯಾಕ್ಟರನ್ನ ನಾವು ರಸ್ತೆ ಮೇಲೆ ಓಡಾಡುವ ಗುಡ್ಡ ಅಂತ ತಿಳಿದಿದ್ದೇವೆ. ಗುಡ್ಡಕ್ಕೆ ಬಣ್ಣ ಬಳಿದರೆ ಸಾಕು, ಗುಡ್ಡಕ್ಕೆ ಯಾಕೆ ಕಣ್ಣು?

ಇದಕ್ಕೆ ಬದಲಾಗಿ ನಾವು ಹಾರ್ನ್ ಇಟ್ಟುಕೊಂಡಿದ್ದೇವೆ. ಲಾರಿ ಹಿಂದೆ "ಹಾರ್ನ್ ಓಕೆ ಪ್ಲೀಸ್" ಅಂತ ಬರೆಸೋ ದೇಶ ನಮ್ಮದು. ಅದರ ಅರ್ಥ, ನಾನು ಹಿಂದೆ ನೋಡಲ್ಲ, ನೀನೇ ಕೂಗಿ ಹೇಳು. ಮಹಾರಾಷ್ಟ್ರ ಸರಕಾರ 2015ರಲ್ಲಿ ಆ ಬರಹವನ್ನೇ ನಿಷೇಧಿಸಿತು. ಆದರೆ ಬರಹ ಅಳಿಸಿದರೆ ರೂಢಿ ಅಳಿಯಲ್ಲ. ಟ್ರ್ಯಾಕ್ಟರಿಗಂತೂ ಹಾರ್ನ್ ಉಪಯೋಗವೇ ಇಲ್ಲ. ಕ್ಯಾಬಿನ್ ಇಲ್ಲ, ಕಾಲ ಬುಡಕ್ಕೇ ಡೀಸೆಲ್ ಇಂಜಿನ್ನು, ಕಿವಿಯ ಪಕ್ಕಕ್ಕೆ ಡೆಕ್ಕು. ನೀವು ಎಷ್ಟು ಒತ್ತಿದರೂ ಅವನಿಗೆ ಕೇಳಿಸೋದು ಜಾನಪದ ಡಿಜೆ ಮಾತ್ರ.

ಡೆಕ್ಕಿನ ಮಾತು ಬಂತು, ಅದನ್ನೂ ಹೇಳಿಬಿಡ್ತೇನೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ಹಾಕಿಸುವ ಸ್ಪೀಕರ್ ಬಾಕ್ಸ್, ಆಂಪ್ಲಿಫೈಯರ್, ಬಣ್ಣದ ಲೈಟು, ಹಲಗೆ ಮೇಲೆ ಸಂಗೊಳ್ಳಿ ರಾಯಣ್ಣನ ಚಿತ್ರ, ಇದಕ್ಕೆಲ್ಲ ಸಾವಿರಾರು ರೂಪಾಯಿ ಸಲೀಸಾಗಿ ಹೋಗುತ್ತೆ. ಹುಡುಗರ ಹೌಸಿ, ಬೇಡ ಅನ್ನೋದಕ್ಕೆ ನಾನ್ಯಾರು? ಆದರೆ "ರೈತನ ಹತ್ತಿರ ಕನ್ನಡಿಗೆ ರೊಕ್ಕ ಎಲ್ಲೈತ್ರಿ" ಅಂತ ಯಾರಾದರೂ ನನ್ನ ಮುಂದೆ ಕಣ್ಣೀರು ಹಾಕಿದರೆ ನಾನು ಒಪ್ಪಲ್ಲ. ನಮ್ಮ ಕಾಕಾನ ಟ್ರ್ಯಾಕ್ಟರಿಗೆ ಎರಡು ಕಡೆ ಕನ್ನಡಿ, ಮಡಚುವ ತೋಳು, ವೆಲ್ಡಿಂಗ್, ಬೋಲ್ಟು ಎಲ್ಲಾ ಸೇರಿ ಆದ ಖರ್ಚು 1,800 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಆರೂವರೆ ಲಕ್ಷದ ಗಾಡಿಗೆ 45,000 ರೂಪಾಯಿ ಉಳಿತಾಯ. ಅದರ ಇಪ್ಪತ್ತನೇ ಒಂದು ಭಾಗದಷ್ಟೂ ಬೇಕಾಗಿಲ್ಲ ಎರಡು ಕನ್ನಡಿಗೆ.

ಈ ವಿಷಯ ತೆಗೆದಾಗಲೆಲ್ಲ ನನಗೆ ಎದುರಾದ ಮಾತುಗಳಿವೆ. ಒಂದೊಂದಕ್ಕೂ ಉತ್ತರ ಕೊಡ್ತೇನೆ.

"ತಮ್ಮಾ, ನಮ್ಮ ಹುಡುಗ್ರು ಕುತಗಿ ತಿರಿಗಿಸಿದ್ರ ಸಾಕು, ಕನ್ನಡಿ ಯಾಕ ಬೇಕೋ?" ಇದು ಕಾಕಾನ ಮಾತು. ಜಾತ್ರೆಯಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನೋಡಿದವರಿಗೆ ಇದು ಸುಳ್ಳಲ್ಲ ಅಂತ ಗೊತ್ತು. ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಅವರ ಕೈಚಳಕ ನೋಡಿದರೆ ನಮ್ಮ ಪಾರ್ಕಿಂಗ್ ಸೆನ್ಸರ್ ನಾಚಬೇಕು. ಆದರೆ ಅದು ಖಾಲಿ ಟ್ರೇಲರ್, ಹಗಲು ಹೊತ್ತು, ಬಯಲು. ಆಳೆತ್ತರ ಮೀರಿ ಕಬ್ಬು ಹೇರಿದಾಗ ಕುತ್ತಿಗೆ ತಿರುಗಿಸಿದರೆ ಕಾಣೋದು ಕಬ್ಬಿನ ಗೋಡೆ ಮಾತ್ರ. ತಿರುಗಿಸಿದಷ್ಟು ಹೊತ್ತು ಮುಂದಿನ ರಸ್ತೆಯೂ ಕಾಣಲ್ಲ.

"ಹೊಲದಾಗ ಮುರೀತಾವ." ಮುರಿಯುತ್ತವೆ, ನಿಜ. ಕಬ್ಬಿನ ಗದ್ದೆಯ ಒಳಗೆ, ಬಂಡಿದಾರಿಯ ಜಾಲಿ ಮುಳ್ಳಿನ ನಡುವೆ ಹೊರಚಾಚಿದ ತೋಳು ಉಳಿಯಲ್ಲ. ಅದಕ್ಕೇ ಬಾಗಿಲಿನ ಹಾಗೆ ಮಡಚುವ ತೋಳು ಬೇಕು. ಹೊಲದಲ್ಲಿ ಒಳಗೆ, ಡಾಂಬರು ರಸ್ತೆಗೆ ಬಂದಾಗ ಹೊರಗೆ. ಇದು ರಾಕೆಟ್ ವಿಜ್ಞಾನ ಅಲ್ಲ, ಕಿಟಕಿಗೆ ಹಾಕುವ ತಿರುಗಣಿ.

"ರಸ್ತೆ ಅಗಲ ಆದ್ರ ಎಲ್ಲಾ ಸರಿಹೋಗತೈತಿ." ಹುಬ್ಬಳ್ಳಿ-ಧಾರವಾಡದವರಿಗೆ ಈ ವಾದ ಚೆನ್ನಾಗಿ ಗೊತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ದಾವಣಗೆರೆಯ ಗೆಳತಿಯರು ಹೊರಟಿದ್ದ ಟೆಂಪೋ ಟ್ರಾವೆಲರ್ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ಎರಡು ಲೇನಿನ ಆ ಬೈಪಾಸನ್ನ ಆರು ಲೇನ್ ಮಾಡುವ ಕೆಲಸ ನಡೆಯಿತು. ಆಗಬೇಕಾದ್ದೇ. ಆದರೆ ಕಬ್ಬು ಬೆಳೆಯೋದು ಹೈವೇ ಪಕ್ಕದಲ್ಲಿ ಮಾತ್ರ ಅಲ್ಲ. ಅಳ್ನಾವರ, ಕಲಘಟಗಿ, ಹಳಿಯಾಳದ ಒಳರಸ್ತೆಗಳು ನಮ್ಮ ಮಕ್ಕಳ ಕಾಲಕ್ಕೂ ಎರಡೇ ಲೇನ್ ಇರುತ್ತವೆ. ಮತ್ತೆ ಅಗಲ ರಸ್ತೆಯಲ್ಲೂ ಲೇನ್ ಬದಲಿಸುವ ಮೊದಲು ಹಿಂದೆ ನೋಡಲೇಬೇಕಲ್ಲ?

"ಕ್ಯಾಮೆರಾ ಹಾಕಬಹುದಲ್ಲ?" ಇದು ನಮ್ಮ ಆಫೀಸಿನವರ ಪ್ರಶ್ನೆ. ಹಿಂದಿನ ಟ್ರೇಲರಿನ ತುದಿಗೆ ಕ್ಯಾಮೆರಾ, ಮುಂದೆ ಸ್ಕ್ರೀನು, ಬೇಕಾದರೆ ಒಂದಿಷ್ಟು ಎಐ. ಸ್ವಾಮಿ, ಎರಡನೇ ಟ್ರೇಲರಿಗೆ ಹಿಂದಿನ ಕೆಂಪು ದೀಪದ ವಯರನ್ನೇ ಯಾರೂ ಜೋಡಿಸಿರಲ್ಲ. ದಿನಕ್ಕೊಂದು ಟ್ರೇಲರ್ ಬದಲಾಗುತ್ತೆ, ಧೂಳು, ಕಬ್ಬಿನ ರವದಿ. ಕನ್ನಡಿಗೆ ಬ್ಯಾಟರಿ ಬೇಡ, ಅಪ್‌ಡೇಟ್ ಬೇಡ. ಅಂಗಿ ತೋಳಿನಿಂದ ಒರೆಸಿದರೆ ಸಾಕು.

"ರೈತ್ರಿಗೆ ಇನ್ನೊಂದು ಕಾನೂನು ಹೇರಬ್ಯಾಡ್ರಿ, ಅನ್ನದಾತ ಅವ." ಇದು ಎಲ್ಲಕ್ಕಿಂತ ಅಪಾಯದ ಮಾತು, ಯಾಕಂದ್ರೆ ಪ್ರೀತಿಯ ವೇಷದಲ್ಲಿ ಬರುತ್ತೆ. ಸೀಟಿನ ಮೇಲೆ ಕೂತಿರೋದು ಬಹಳ ಸಲ ರೈತನೂ ಅಲ್ಲ, ಹಂಗಾಮಿಗೆ ಸಂಬಳಕ್ಕೆ ಬಂದ ಹುಡುಗ. ರಸ್ತೆ ಮೇಲೆ ಬಿದ್ದಿದ್ದೂ ಒಬ್ಬ ರೈತನ ಮಗನೇ. ಅನ್ನದಾತ ಅಂತ ಕೈಮುಗಿದು ಅವನನ್ನ ಕುರುಡನಾಗಿ ರಸ್ತೆಗೆ ಬಿಡೋದು ಯಾವ ಗೌರವ?

ಇನ್ನು ಕನ್ನಡಿ ಆರಿಸೋದು ಹೇಗೆ ಅನ್ನೋದಕ್ಕೆ ಬರ್ತೇನೆ. ಮೊದಲನೇದು, ಅಂಗಡಿಗೆ ಹೋಗುವ ಮುಂಚೆ ಹೇರಿನ ಅಗಲ ಅಳೆಯಿರಿ, ಖಾಲಿ ಟ್ರೇಲರಿನ ಅಗಲ ಅಲ್ಲ. ಕನ್ನಡಿಯ ಗಾಜು ಹೇರಿನ ಅಂಚಿಗಿಂತ ಒಂದು ಗೇಣು ಹೊರಗೆ ಇರಬೇಕು. ಮೇಲಿನ ಲೆಕ್ಕದ ಗಾಡಿಗೆ ಮಡ್‌ಗಾರ್ಡಿನಿಂದ ಸುಮಾರು ಎರಡು ಅಡಿ ಉದ್ದದ ತೋಳು ಬೇಕು. ಎರಡನೇದು, ಒಂದೇ ಕಡ್ಡಿಯ ಮೇಲೆ ನಿಲ್ಲಿಸಿದ ಕನ್ನಡಿ ಇಂಜಿನ್ನಿನ ನಡುಕಕ್ಕೆ ಕುಣಿಯುತ್ತೆ, ಏನೂ ಗುರುತು ಸಿಗಲ್ಲ. ತ್ರಿಕೋನದ ಹಾಗೆ ಎರಡು ಕಡೆಯಿಂದ ಆಸರೆ ಕೊಡಿಸಿ, ಬುಡಕ್ಕೆ ರಬ್ಬರ್ ಹಾಕಿಸಿ. ಮೂರನೇದು, ಬರೀ ಉಬ್ಬು ಗಾಜು ಬೇಡ. ಶಾಲೆಯಲ್ಲಿ ಪೀನ ದರ್ಪಣ ಅಂತ ಓದಿದ್ದು ನೆನಪಿದೆಯಲ್ಲ, ಅದು ಹೆಚ್ಚು ಜಾಗ ತೋರಿಸುತ್ತೆ, ಆದರೆ ಹತ್ತಿರ ಇದ್ದದ್ದನ್ನ ದೂರ ಇದೆ ಅನ್ನಿಸುತ್ತೆ. ಹಿಂದಿನ ಬಸ್ಸು ಎಷ್ಟು ಹತ್ತಿರ ಬಂತು ಅಂತ ತಿಳಿಯಲು ದೊಡ್ಡದೊಂದು ಚಪ್ಪಟೆ ಗಾಜು ಬೇಕು. ಪಕ್ಕದಲ್ಲಿ ನುಸುಳುವ ಬೈಕ್ ಹಿಡಿಯಲು ಅದರ ಕೆಳಗೆ ಅಂಗೈಯಷ್ಟು ಉಬ್ಬು ಗಾಜು. ನಾಲ್ಕನೇದು, ಎಡಗಡೆಯೂ ಬೇಕು. ನಮ್ಮ ಬೈಕಿನವರು ಎಡದಿಂದ ದಾಟಲ್ಲ ಅಂತ ಯಾರೂ ಆಣೆ ಮಾಡಿಲ್ಲ.

ಸರಿ ಕೂತಿದೆಯೋ ಇಲ್ಲವೋ ನೋಡಲು ಇಂಜಿನಿಯರ್ ಬೇಡ, ಒಂದು ಹಗ್ಗ ಸಾಕು. ಕಬ್ಬು ಹೇರಿದ ಮೇಲೆ ಕನ್ನಡಿಯ ನಡುವಿಗೆ ಹಗ್ಗದ ಒಂದು ತುದಿ ಹಿಡಿಯಿರಿ, ಇನ್ನೊಂದು ತುದಿಯನ್ನ ಕೊನೆಯ ಟ್ರೇಲರಿನ ಹಿಂದಿನ ಮೂಲೆಗೆ ಒಯ್ದು ಬಿಗಿಯಾಗಿ ಎಳೆಯಿರಿ. ಹಗ್ಗ ಮಧ್ಯದಲ್ಲಿ ಎಲ್ಲಾದರೂ ಕಬ್ಬಿಗೆ ತಾಗಿ ಬಾಗಿದರೆ ಕನ್ನಡಿ ಇನ್ನೂ ಒಳಗಿದೆ. ತಾಗದೇ ನೇರ ಹೋದರೆ ಸರಿ. ಆಮೇಲೆ ಡ್ರೈವರನನ್ನ ಸೀಟಿನ ಮೇಲೆ ಕೂರಿಸಿ, ಒಬ್ಬರು ಮೂವತ್ತು ಹೆಜ್ಜೆ ಹಿಂದೆ ಹೋಗಿ ರಸ್ತೆ ಬದಿ ನಿಲ್ಲಿ. ಅವನಿಗೆ ನೀವು ಕಂಡರೆ ಕೆಲಸ ಮುಗೀತು.

ಇದನ್ನ ಮಾಡಿಸಬೇಕಾದವರು ಯಾರು? ನನ್ನ ಪ್ರಕಾರ ಮೊದಲು ಸಕ್ಕರೆ ಕಾರ್ಖಾನೆಗಳು. ಕಟಾವಿನ ಮತ್ತು ಸಾಗಣೆಯ ಖರ್ಚನ್ನ ಕಾರ್ಖಾನೆಯೇ ರೈತನ ಬಿಲ್ಲಿನಲ್ಲಿ ಕಡಿತ ಮಾಡಿಕೊಳ್ಳುತ್ತೆ. ಗಾಡಿ ಮಾಲೀಕರಿಗೆ ಮುಂಗಡ ಕೊಡೋದೂ ಅದೇ. ಯಾವ ಗಾಡಿ ಯಾವಾಗ ಒಳಗೆ ಬರಬೇಕು, ಎಷ್ಟು ತೂಕ, ಎಲ್ಲವೂ ಅದರ ಕಾಟಾದ ಮೇಲೆ ದಾಖಲು. ನಾನು ನಿಂತು ನೋಡಿದ ಗೇಟಿನಲ್ಲಿ ಕಬ್ಬಿನ ರವದಿ ಎಷ್ಟಿದೆ ಅಂತ ನೋಡೋರಿದ್ದರು, ಕನ್ನಡಿ ಇದೆಯಾ ಅಂತ ನೋಡೋರಿರಲಿಲ್ಲ. ಹಂಗಾಮಿನ ಮೊದಲ ದಿನ ಒಂದು ಬೋರ್ಡ್ ಹಾಕಲಿ: ಎರಡು ಕಡೆ ಕನ್ನಡಿ ಇಲ್ಲದ ಗಾಡಿಗೆ ಪಾಳಿ ಚೀಟಿ ಇಲ್ಲ. ವಾರದಲ್ಲಿ ತಾಲ್ಲೂಕಿನ ಎಲ್ಲಾ ವೆಲ್ಡಿಂಗ್ ಅಂಗಡಿಗಳ ಮುಂದೆ ಪಾಳಿ ಹತ್ತುತ್ತೆ. ಯಾವ ಪೊಲೀಸನೂ ಇದನ್ನ ಇಷ್ಟು ಬೇಗ ಮಾಡಿಸಲಾರ. ಮುಂಗಡ ಕೊಡುವ ಹೊತ್ತಿಗೇ ಜೋಡಿ ಕನ್ನಡಿಯನ್ನೂ ಕೊಟ್ಟು ಆ ಲೆಕ್ಕದಲ್ಲೇ ಬರೆದುಕೊಂಡರೂ ಆದೀತು.

ಆಮೇಲೆ ಡೀಲರುಗಳು. ಟ್ರ್ಯಾಕ್ಟರ್ ಮಾರುವಾಗ ಹೂವಿನ ಹಾರ ಹಾಕಿ, ಪೇಢೆ ಹಂಚಿ, ಫೋಟೋ ತೆಗೀತೀರಿ. "ಟ್ರೇಲರ್ ಎಷ್ಟ ಅಗಲ ಐತ್ರಿ?" ಅಂತ ಒಂದು ಪ್ರಶ್ನೆ ಕೇಳಿ, ಅದಕ್ಕೆ ತಕ್ಕ ತೋಳು ಹಾಕಿಕೊಟ್ಟರೆ ಏನು ಕಡಿಮೆ ಆಗುತ್ತೆ? ಆರ್‌ಟಿಒ ಪರೀಕ್ಷೆ ಮಾಡುವಾಗ ಟ್ರ್ಯಾಕ್ಟರ್ ಬೇರೆ, ಟ್ರೇಲರ್ ಬೇರೆ ನೋಡೋದು ಸಾಕು. ಜೋಡಿಸಿ ತರಿಸಿ, ಹಗ್ಗ ಎಳೆದು ನೋಡಲಿ. ಇನ್ನು ಸ್ಟಿಕ್ಕರ್ ಹಚ್ಚಲು ಬರುವ ಪೊಲೀಸರು ಹಿಂದಿನಿಂದ ಮುಂದಕ್ಕೂ ನಾಲ್ಕು ಹೆಜ್ಜೆ ನಡೆದು ಕನ್ನಡಿ ನೋಡಲಿ.

ಕೊನೆಗೆ ನಾವು. ಈ ಪುಟ ಓದುತ್ತಿರುವವರಲ್ಲಿ ಅರ್ಧ ಜನರ ಊರಿನ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಅದರ ಕಂತಿನಲ್ಲಿ ಒಂದಿಷ್ಟು ನಮ್ಮ ಸಂಬಳದಿಂದಲೇ ಹೋಗುತ್ತೆ. ಉಳಿದ ಅರ್ಧ ಜನ ಅದರ ಹಿಂದೆ ಸಿಕ್ಕಿಕೊಂಡು, "ಈ ಹಳ್ಳಿ ಮಂದಿಗೆ ರೋಡ್ ಸೆನ್ಸ್ ಇಲ್ಲ" ಅಂತ ಗೊಣಗುತ್ತಾ ಗೋವಾಕ್ಕೆ ಹೋಗುವವರು. ಇಬ್ಬರಿಗೂ ಒಂದೊಂದು ಕೆಲಸ ಇದೆ. ಎರಡನೆಯವರಿಗೆ: ಮುಂದಿನ ಸಲ ಎರಡು ಟ್ರೇಲರ್ ದಾಟುವಾಗ ಅವನ ಕನ್ನಡಿ ನಿಮಗೆ ಕಾಣುತ್ತಿದೆಯಾ ನೋಡಿ. ನಿಮಗೆ ಅವನ ಕನ್ನಡಿಯ ಗಾಜು ಕಾಣದಿದ್ದರೆ ಅವನಿಗೆ ನೀವು ಕಾಣ್ತಿಲ್ಲ. ಹಾರ್ನ್ ನಂಬಬೇಡಿ, ರಸ್ತೆ ಪೂರ್ತಿ ತೆರವಾಗುವವರೆಗೆ ಕಾಯಿರಿ. ನಿಮ್ಮ ಮೀಟಿಂಗ್ ಹತ್ತು ನಿಮಿಷ ತಡವಾಗಿ ಶುರುವಾಗಲಿ.

ಮೊದಲನೆಯವರಿಗೆ: ಖಂಡೆ ಪೂಜೆಗೆ ಊರಿಗೆ ಹೋಗೇ ಹೋಗ್ತೀರಿ. ಹಂಗಾಮು ಶುರುವಾಗೋದು ಅದಾದ ಸ್ವಲ್ಪ ದಿನಕ್ಕೇ. ಟ್ರ್ಯಾಕ್ಟರಿಗೆ ನಿಂಬೆಹಣ್ಣು, ಕುಂಬಳಕಾಯಿ, ಚೆಂಡು ಹೂವು ಎಲ್ಲಾ ತರ್ತೀರಿ. ಅದರ ಜೊತೆ ಈ ಸಲ ಹನ್ನೆರಡು ಮೀಟರ್ ಹಗ್ಗವನ್ನೂ ತಗೊಂಡು ಹೋಗ್ರಿ.